"ಅಣ್ಣಾ, ಕಜ್ಜಿಗೆ ಒಂದು ಟ್ಯೂಬ್ ಕೊಡ್ರಿ"

ಕುರು ಎದ್ದರೆ ನಮ್ಮ ದಾವಣಗೆರೆಯಲ್ಲಿ ಮೊದಲು ಬೈಸಿಕೊಳ್ಳೋದು ಮಾವಿನಹಣ್ಣು. "ಉಷ್ಣ ಆಗೈತಿ, ಎಳನೀರು ಕುಡಿ" ಅಂತಾರೆ. ಎಳನೀರು ಕುಡೀರಿ, ಒಳ್ಳೇದೇ. ಆದರೆ ಕುರು ತರೋದು ಹೆಚ್ಚಾಗಿ ಸ್ಟೆಫಿಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾ. ಎಷ್ಟೋ ಜನರ ಮೂಗಿನೊಳಗೆ ಅದು ಸುಮ್ಮನೆ ಇರುತ್ತೆ. ಬೆವರಿ, ಕೆರೆದು, ಬಟ್ಟೆ ಉಜ್ಜಿ ಚರ್ಮ ತರಚಿದಾಗ ಕೂದಲ ಬುಡಕ್ಕೆ ಇಳಿಯುತ್ತೆ. ಮಂಡಕ್ಕಿ ಭಟ್ಟಿಯ ಬೆಂಕಿ ಮುಂದೆ ದುಡಿಯೋರಿಗೆ ಇದನ್ನ ಯಾರಾದರೂ ಕೂತು ಹೇಳಬೇಕು.

ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ ಕೆಲಸ ಮಾಡೋಳು ನಾನು. ಗಾಯ ತೋರಿಸೋಕೆ ಬರೋರು ಎಷ್ಟೋ ಸಲ ಜೇಬಿನಿಂದ ಅರ್ಧ ಖಾಲಿಯಾದ ಟ್ಯೂಬನ್ನೂ ತೆಗೀತಾರೆ. ಮೆಡಿಕಲ್ ಶಾಪಿನಲ್ಲಿ "ಕಜ್ಜಿಗೆ" ಅಂತ ಕೇಳಿ ತಂದಿದ್ದು. ಅದರಲ್ಲಿ ಸ್ಟೀರಾಯ್ಡ್, ಫಂಗಸ್ ಔಷಧಿ, ಆಂಟಿಬಯಾಟಿಕ್ ಮೂರೂ ಬೆರೆತಿರುತ್ತೆ. ಹಚ್ಚಿದ ಎರಡು ದಿನ ತುರಿಕೆ, ಕೆಂಪು ಇಳಿಯುತ್ತೆ, ವಾಸಿ ಆಯ್ತು ಅನ್ನಿಸುತ್ತೆ. ಸ್ಟೀರಾಯ್ಡ್ ಮಾಡಿದ್ದು ಚರ್ಮದ ಪ್ರತಿರೋಧವನ್ನ ಅಡಗಿಸಿದ್ದು ಮಾತ್ರ. ಒಳಗೆ ಸೋಂಕು ಹರಡ್ತಾ ಇರಬಹುದು. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನ ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಆದೇಶ ಮಾಡಿತು. ಇವತ್ತಿಗೂ ಕೌಂಟರಿನಲ್ಲಿ ಬಾಯಿಮಾತಿಗೆ ಸಿಗ್ತಾವಲ್ಲ, ಅದೇ ನನ್ನ ಸಂಕಟ.

ಮಕ್ಕಳ ಮೂಗು, ಬಾಯಿ ಸುತ್ತ ಗುಳ್ಳೆ ಒಡೆದು ಜೇನಿನ ಬಣ್ಣದ ಹಕ್ಕಳೆ ಕಟ್ಟಿದರೆ ಅದು ಇಂಪೆಟೈಗೊ ಅನ್ನೋ ಚರ್ಮದ ಸೋಂಕು ಇರಬಹುದು. ಮುಟ್ಟಿದರೆ ಒಬ್ಬರಿಂದ ಒಬ್ಬರಿಗೆ ಅಂಟುತ್ತೆ. ಒಂದೆರಡು ಕಡೆ ಮಾತ್ರ ಇದ್ದರೆ ಮ್ಯುಪಿರೋಸಿನ್‌ನಂಥ ಆಂಟಿಬಯಾಟಿಕ್ ಮುಲಾಮನ್ನ ಡಾಕ್ಟರು ಬರೀತಾರೆ, ಐದು ದಿನದ ಮಾತು. ಹೆಚ್ಚಾಗಿದ್ದರೆ ಮಾತ್ರೆ ಅಥವಾ ಸಿರಪ್ ಬೇಕು. ಟವೆಲ್ ಬೇರೆ ಇಡಿ, ಉಗುರು ಕತ್ತರಿಸಿ, ಔಷಧಿ ಶುರುವಾಗಿ ಒಂದು ದಿನ ಕಳೆಯೋವರೆಗೆ ಅಂಗನವಾಡಿಗೆ ಕಳಿಸಬೇಡಿ.

ಕುರುವಿಗೆ ಸುಣ್ಣ-ಬೆಲ್ಲ ಕಲಸಿ ಮೆತ್ತೋದನ್ನ ದಯವಿಟ್ಟು ಬಿಡಿ, ಸುಣ್ಣ ಚರ್ಮವನ್ನೇ ಸುಡುತ್ತೆ. ಬೆಚ್ಚಗಿನ ನೀರಲ್ಲಿ ಅದ್ದಿದ ಶುದ್ಧ ಬಟ್ಟೆಯಿಂದ ದಿನಕ್ಕೆ ಮೂರ್ನಾಲ್ಕು ಸಲ, ಹತ್ತು ಹದಿನೈದು ನಿಮಿಷ ಶಾಖ ಕೊಡಿ. ಹಿಚುಕಬೇಡಿ, ಅದರಲ್ಲೂ ಮೂಗು, ಮೇಲ್ತುಟಿ ಹತ್ತಿರದ್ದನ್ನ ಮುಟ್ಟಲೇಬೇಡಿ. ದೊಡ್ಡದಾಗಿ ಕೀವು ತುಂಬಿದ್ದರೆ ಡಾಕ್ಟರು ಕೊಯ್ದು ಕೀವು ತೆಗೆಯೋದೇ ಮುಖ್ಯ ಚಿಕಿತ್ಸೆ. ಮತ್ತೆ ಮತ್ತೆ ಕುರು ಆಗ್ತಿದ್ದರೆ ಶುಗರ್ ಪರೀಕ್ಷೆ ಮಾಡಿಸಿ.

ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸೋದು ಸೆಲ್ಯುಲೈಟಿಸ್, ಅಂದರೆ ಚರ್ಮದ ಆಳಕ್ಕೆ ಇಳಿದು ಹರಡೋ ಸೋಂಕು. ಭದ್ರಾ ನಾಲೆಯ ಗದ್ದೆಗಳಲ್ಲಿ, ಹರಿಹರ, ಮಲೇಬೆನ್ನೂರು ಕಡೆ, ನಾಟಿ ಹೊತ್ತಿಗೆ ಇಡೀ ದಿನ ಕಾಲು ಕೆಸರಲ್ಲಿ. ಬೆರಳ ಸಂದಿ ಬೆಳ್ಳಗೆ ನೆನೆದು ಬಿರಿಯುತ್ತೆ. ಆ ಬಿರುಕಿನಿಂದ ಬ್ಯಾಕ್ಟೀರಿಯಾ ಒಳಗೆ ಹೋದರೆ ಒಂದು ಕಾಲು ಊದುತ್ತೆ, ಬಿಸಿಯಾಗುತ್ತೆ, ನೋಯುತ್ತೆ, ಚಳಿಜ್ವರವೂ ಬರಬಹುದು. ಪುಸ್ತಕದಲ್ಲಿ "ಕೆಂಪಾಗುತ್ತದೆ" ಅಂತಿರುತ್ತೆ. ನಮ್ಮ ಕಪ್ಪು, ಗೋಧಿ ಮೈಬಣ್ಣದಲ್ಲಿ ಅಷ್ಟು ಕೆಂಪು ಕಾಣಲ್ಲ, ನೇರಳೆಯಾಗಿಯೋ ಇನ್ನಷ್ಟು ಕಪ್ಪಾಗಿಯೋ ಕಾಣುತ್ತೆ. "ಕೆಂಪಾಗಿಲ್ಲವಲ್ಲ" ಅಂತ ಕಾಯೋರು ಕಾಯ್ತಾನೇ ಇರ್ತಾರೆ. ಅಂಗೈ ಹಿಂಭಾಗದಿಂದ ಎರಡೂ ಕಾಲು ಮುಟ್ಟಿ ಬಿಸಿ ಹೋಲಿಸಿ. ಊತದ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೀರಿ, ಸಮಯ ಬರೀರಿ. ಗೆರೆ ದಾಟ್ತಿದ್ದರೆ ಬೆಳಗಾಗಲಿ ಅನ್ನಬೇಡಿ. ಇದಕ್ಕೆ ಮೇಲೆ ಹಚ್ಚೋ ಯಾವ ಮುಲಾಮೂ ಸಾಲಲ್ಲ, ಮಾತ್ರೆ ಅಥವಾ ಇಂಜೆಕ್ಷನ್ ಬೇಕೇ ಬೇಕು. ಕಾಣೋದಕ್ಕಿಂತ ನೋವು ವಿಪರೀತ ಇದ್ದರೆ, ಚರ್ಮ ಕಪ್ಪಿಟ್ಟರೆ, ಕಣ್ಣಿನ ಸುತ್ತ ಊದಿದರೆ ತಕ್ಷಣ ಹೊರಡಿ. ಸಕ್ಕರೆ ಕಾಯಿಲೆಯವರಿಗೆ ಪಾದದ ನೋವೇ ಗೊತ್ತಾಗದಿರಬಹುದು, ಅವರ ಕಾಲನ್ನ ಮನೆಯವರೇ ದಿನಾ ನೋಡಬೇಕು.

ಡಾಕ್ಟರು ಏಳು ದಿನ ಮಾತ್ರೆ ಬರೆದಿದ್ದರೆ ಮೂರಕ್ಕೇ ನಿಲ್ಲಿಸಬೇಡಿ. ನಮ್ಮ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರು ಇದ್ದಾರೆ, ತೋರಿಸೋಕೆ ಸಂಕೋಚ ಬೇಡ.

ತಾಯಂದಿರಿಗೆ ಇನ್ನೊಂದು ಮಾತು. ಮಗುವಿನ ಚರ್ಮದ ಹುಣ್ಣು ಇನ್ನೊಂದು ಬ್ಯಾಕ್ಟೀರಿಯಾ ಆದ ಸ್ಟ್ರೆಪ್ಟೋಕಾಕಸ್‌ನಿಂದ ಆಗಿದ್ದರೆ, ಒಣಗಿ ಮೂರರಿಂದ ಆರು ವಾರ ಆದಮೇಲೂ ಅಪರೂಪಕ್ಕೆ ಕಿಡ್ನಿಗೆ ತೊಂದರೆ ಆಗುತ್ತೆ. ಬೆಳಗ್ಗೆ ಮುಖ ಊದಿದ್ದರೆ, ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿದರೆ ಅವತ್ತೇ ಕರ್ಕೊಂಡು ಹೋಗಿ. ಹಿಂದೆ ಹುಣ್ಣಾಗಿತ್ತು ಅನ್ನೋದನ್ನ ಡಾಕ್ಟರಿಗೆ ನೀವಾಗಿಯೇ ಹೇಳಿ.