ಲೂಟನ್ನಿನ ಟೋಪಿ, ಅಜ್ಜಿಯ ಗೊರಬು

ಕಳೆದ ಚಳಿಗಾಲದ ಒಂದು ಭಾನುವಾರ, ನಾನು ಹನ್ನೊಂದು ವರ್ಷಗಳಿಂದ ನೆಲೆಸಿರುವ ಇಂಗ್ಲೆಂಡಿನ ಲೂಟನ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ, ಹೆಂಗಸರ ಹಳೆಯ ಟೋಪಿಗಳ ಮುಂದೆ ಮಗಳೊಂದಿಗೆ ನಿಂತಿದ್ದೆ. ಪಕ್ಕದಲ್ಲಿದ್ದ ವೃದ್ಧೆಯೊಬ್ಬರು, ತಮ್ಮ ಅಜ್ಜಿ ಇದೇ ಊರಿನ ಕಾರ್ಖಾನೆಯಲ್ಲಿ ಟೋಪಿ ಹೊಲಿಯುತ್ತಿದ್ದರೆಂದು ಹೇಳಿ, ನಿಮ್ಮ ಕಡೆಯ ಹೆಂಗಸರು ತಲೆಗೆ ಏನು ಹಾಕಿಕೊಳ್ಳುತ್ತಿದ್ದರು ಎಂದು ಕೇಳಿದರು. ಹೂ ಮುಡಿಯುತ್ತಾರೆ, ಟೋಪಿಯ ರೂಢಿ ನಮ್ಮಲ್ಲಿಲ್ಲ ಎಂದುಬಿಟ್ಟೆ. ಮರುದಿನ ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಫೋನ್ ಮಾಡಿದಾಗ ಈ ವಿಷಯ ಹೇಳಿದೆ. ಅಮ್ಮ ಒಂದು ಗಳಿಗೆ ಸುಮ್ಮನಿದ್ದು, “ಗೊರಬು ಮರೆತೇಬಿಟ್ಯೇನೋ? ಅಜ್ಜಿ ನಟ್ಟಿ ಮುಗಿಸಿ ಬಂದ ಕೂಡಲೇ ನೀನೇ ಅದರೊಳಗೆ ತೂರಿಕೊಂಡು ಅಂಗಳದಲ್ಲೆಲ್ಲ ಓಡ್ತಿದ್ಯಲ್ಲ” ಎಂದರು. ಗೊರಬೆಂದರೆ ಮಳೆಯಲ್ಲಿ ಗದ್ದೆಗಿಳಿಯುವ ಹೆಂಗಸರು ತಲೆಯಿಂದ ಬೆನ್ನಿನವರೆಗೆ ಹೊದ್ದುಕೊಳ್ಳುತ್ತಿದ್ದ ಬಿದಿರು, ಎಲೆಗಳ ಮಳೆಮರೆ. ಆ ಮಾತು ಅಂದಿನಿಂದ ಮನಸ್ಸನ್ನು ಚುಚ್ಚುತ್ತಲೇ ಇದೆ.

ಲೂಟನ್ ತನ್ನ ಟೋಪಿಯನ್ನು ಮರೆತಿಲ್ಲ. 1885ರಲ್ಲಿ ಹುಟ್ಟಿದ ಇಲ್ಲಿನ ಫುಟ್‌ಬಾಲ್ ತಂಡಕ್ಕೆ ಇಂದಿಗೂ ‘ಟೋಪಿಗಾರರು’ ಎಂಬ ಅರ್ಥದ ಅಡ್ಡಹೆಸರೇ ಇದೆ. ನೆಪೋಲಿಯನ್ನನ ಯುದ್ಧಗಳಿಂದಾಗಿ ಇಟಲಿಯ ಹುಲ್ಲಿನ ಟೋಪಿಗಳು ಬರುವುದು ಕಷ್ಟವಾದಾಗ ಸುತ್ತಲಿನ ಹಳ್ಳಿಗಳ ಹೆಂಗಸರು ಗೋಧಿಯ ಹುಲ್ಲನ್ನು ಸೀಳಿ, ಜಡೆಯಂತೆ ಹೆಣೆದು, ಸಂತೆಗೆ ಒಯ್ದು ಮಾರಿ ಸಂಸಾರ ನಡೆಸಿದರು. ಆ ಪಟ್ಟಿಗಳನ್ನು ಸುರುಳಿಯಾಗಿ ಹೊಲಿದರೆ ಟೋಪಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಚೀನಾ ಮತ್ತು ಜಪಾನಿನ ಅಗ್ಗದ ಹೆಣಿಗೆ ಬಂದು ಹಳ್ಳಿಗಳ ಈ ದುಡಿಮೆ ನಿಂತುಹೋದರೂ ಪಟ್ಟಣದ ಹೊಲಿಗೆ ಮುಂದುವರಿಯಿತು. ಹುಲ್ಲನ್ನು ಸೀಳುತ್ತಿದ್ದ ಕಿರುಬೆರಳಿನಷ್ಟು ಪುಟ್ಟ ಸಾಧನವನ್ನೂ ಇಲ್ಲಿ ಹೆಸರು ಬರೆದು ಇಟ್ಟಿದ್ದಾರೆ.

ಟೋಪಿಗಳನ್ನು ಸಾಲಾಗಿ ನೋಡುತ್ತ ಹೋದರೆ ಇಲ್ಲಿನ ಹೆಣ್ಣುಮಕ್ಕಳ ಬದುಕು ಬದಲಾದದ್ದೇ ಕಣ್ಣಿಗೆ ಕಟ್ಟುತ್ತದೆ. 1780ರ ದಶಕದಲ್ಲಿ ಗೇನ್ಸ್‌ಬರೋ ಚಿತ್ರಿಸಿದ ಡೆವನ್‌ಶೈರಿನ ಡಚೆಸ್ ಜಾರ್ಜಿಯಾನಾ ಗರಿ ಸಿಕ್ಕಿಸಿದ ಅಗಲವಾದ ಕಪ್ಪು ಟೋಪಿ ಧರಿಸಿ ನಿಂತಿದ್ದಾಳೆ. ಅಂಥ ಟೋಪಿಗೆ ಆ ಚಿತ್ರಕಾರನ ಹೆಸರೇ ಅಂಟಿಕೊಂಡಿತು. ಅನಂತರದ ಎರಡು ತಲೆಮಾರುಗಳ ಕಾಲ ಬಾನೆಟ್ ಆಳಿತು. ಗಲ್ಲದ ಕೆಳಗೆ ನಾಡಾ ಬಿಗಿದುಕೊಳ್ಳುವ, ಮುಖದ ಎರಡೂ ಬದಿಗೆ ಗೋಡೆ ಕಟ್ಟಿದಂತಿರುವ ಅದನ್ನು ತೊಟ್ಟವಳಿಗೆ ಎದುರಿನದಷ್ಟೇ ಕಾಣುತ್ತಿತ್ತು. 1907ರಲ್ಲಿ ಲಂಡನ್ನಿನ ರಂಗದ ಮೇಲೆ ನಟಿ ಲಿಲಿ ಎಲ್ಸಿ, ಲೂಸಿಲ್ ಎಂಬ ವಿನ್ಯಾಸಗಾರ್ತಿ ರೂಪಿಸಿದ ದೊಡ್ಡ ಟೋಪಿ ತೊಟ್ಟು ಬಂದಮೇಲೆ ಟೋಪಿಯ ಅಂಚು ಭುಜವನ್ನೂ ಮೀರಿತು. ಅದನ್ನು ಮುಡಿಗೆ ಹಿಡಿದಿಡಲು ಗೇಣುದ್ದದ ಪಿನ್ನುಗಳು ಬೇಕಾದವು.

ಆ ಟೋಪಿಗಳ ಮೇಲಿನ ಗರಿಗಳ ಮುಂದೆ ನಾನು ಬಹಳ ಹೊತ್ತು ನಿಂತೆ, ಏಕೆಂದರೆ ಅಲ್ಲಿ ನಮ್ಮ ಬೆಳ್ಳಕ್ಕಿಯಿತ್ತು. ಸಂತಾನದ ಕಾಲದಲ್ಲಿ ಬೆಳ್ಳಕ್ಕಿಯ ಬೆನ್ನ ಮೇಲೆ ಮೂಡುವ ನವಿರಾದ ಗರಿಗಳಿಗಾಗಿ ಹಕ್ಕಿಗಳನ್ನು ಗೂಡಿನ ಬಳಿಯಲ್ಲೇ ಕೊಲ್ಲುತ್ತಿದ್ದರು. ಮರಿಗಳು ಹಸಿದು ಸಾಯುತ್ತಿದ್ದವು. ಲಂಡನ್ನಿನ ಹರಾಜುಕಟ್ಟೆಗೆ ಬರುತ್ತಿದ್ದ ಗರಿಗಳಲ್ಲಿ ಭಾರತದ ಪಾಲೂ ಇತ್ತು. ಇದರ ವಿರುದ್ಧ ಎದ್ದವರೂ ಹೆಂಗಸರೇ. 1889ರಲ್ಲಿ ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿ ಎಮಿಲಿ ವಿಲಿಯಮ್‌ಸನ್, ಗರಿಯ ಟೋಪಿ ತೊಡುವುದಿಲ್ಲವೆಂದು ಗೆಳತಿಯರಿಂದ ಮಾತು ಪಡೆದು ಕಟ್ಟಿದ ಪುಟ್ಟ ಸಂಘವೇ ಇಂದು ಬ್ರಿಟನ್ನಿನ ಹಕ್ಕಿಗಳ ರಕ್ಷಣೆಯ ದೊಡ್ಡ ಸಂಸ್ಥೆಯಾಗಿದೆ. 1902ರಲ್ಲಿ ಭಾರತದಿಂದ ಕಾಡುಹಕ್ಕಿಗಳ ಗರಿಯ ರಫ್ತನ್ನು ನಿಷೇಧಿಸಿದರು. ಬ್ರಿಟನ್ ತನ್ನ ಆಮದನ್ನು ತಡೆಯುವ ಕಾಯಿದೆ ಮಾಡಿದ್ದು 1921ರಲ್ಲಿ.

ಅಷ್ಟರಲ್ಲಿ ರೂಢಿಯೇ ತಿರುಗಿತ್ತು. 1920ರ ದಶಕದಲ್ಲಿ ಹೆಣ್ಣುಮಕ್ಕಳು ಕೂದಲು ಗಿಡ್ಡವಾಗಿ ಕತ್ತರಿಸಿಕೊಂಡಾಗ ಕಿವಿ ಮುಚ್ಚುವಂತೆ ತಲೆಗೆ ಒತ್ತಿ ಕೂರುವ, ಗಂಟೆಯಾಕಾರದ ಕ್ಲೋಶ್ ಬಂತು; ಪ್ಯಾರಿಸ್ಸಿನ ಕರೋಲಿನ್ ರಬೂ ಅದಕ್ಕೆ ಹೆಸರಾದವಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಬಟ್ಟೆಗೆ ಪಡಿತರವಿದ್ದರೂ ಟೋಪಿಗೆ ಕೂಪನ್ ಬೇಕಿರಲಿಲ್ಲ. ಆದರೂ ಕಾರ್ಖಾನೆಯ ಯಂತ್ರಗಳ ಮುಂದೆ ನಿಂತ ಹೆಂಗಸರು ತಲೆಗೆ ವಸ್ತ್ರ ಸುತ್ತಿಕೊಂಡರು, ಆ ಅಭ್ಯಾಸ ಹಾಗೆಯೇ ಉಳಿಯಿತು. 1960ರ ದಶಕದ ಎತ್ತರದ ಕೇಶಶೃಂಗಾರದ ಮೇಲೆ ಟೋಪಿಗೆ ಜಾಗವಿರಲಿಲ್ಲ. ಈಗ ಅದು ಮದುವೆಗೆ, ಕುದುರೆ ಪಂದ್ಯಕ್ಕೆ. ಆಸ್ಕಟ್ಟಿನ ರಾಜಮನೆತನದ ಆವರಣದಲ್ಲಿ ಹೆಂಗಸರು ಟೋಪಿಯ ಬದಲಿಗೆ ತೊಡುವ ಶಿರೋಭೂಷಣದ ತಳ ಕನಿಷ್ಠ 4 ಅಂಗುಲ ಅಗಲ ಇರಬೇಕೆಂದು 2012ರಲ್ಲಿ ನಿಯಮವನ್ನೇ ಮಾಡಿದರು.

ಇಷ್ಟನ್ನೆಲ್ಲ ನಾನು ಹೇಳಬಲ್ಲೆ, ಏಕೆಂದರೆ ಇವರು ಬರೆದಿಟ್ಟಿದ್ದಾರೆ. ನನ್ನ ಅಜ್ಜಿಯ ಗೊರಬಿನ ಬಗ್ಗೆ ಬಲ್ಲದ್ದು ಕಣ್ಣಲ್ಲಿ ಉಳಿದಷ್ಟೇ: ಬಿದಿರಿನ ಸೀಳುಗಳ ಹಂದರ, ನಡುವೆ ಒತ್ತಾಗಿ ಹೊದಿಸಿದ ಎಲೆ, ನೆತ್ತಿಯಿಂದ ಸೊಂಟದ ಕೆಳಗಿನವರೆಗೆ ಇಳಿಯುವ ದೋಣಿಯಂಥ ಮೈ. ಗಂಡಸರು ಕಂಬಳಿ ಕೊಪ್ಪೆ ಹಾಕಿಕೊಂಡು ಉಳುತ್ತಿದ್ದರೆ, ಸಾಲಾಗಿ ಬಗ್ಗಿ ಸಸಿ ನೆಡುವ ಹೆಂಗಸರ ಬೆನ್ನ ಮೇಲೆ ಆಷಾಢದ ಮಳೆ ಬಿದ್ದು ಜಾರಿಹೋಗುತ್ತಿತ್ತು, ಎರಡು ಕೈಗಳೂ ಕೆಲಸಕ್ಕೆ ಬಿಡುವಾಗಿರುತ್ತಿದ್ದವು. ಅದೇ ಗದ್ದೆಯಲ್ಲಿ, ಅವರ ಹಿಂದೆಯೇ, ಬೆಳ್ಳಕ್ಕಿಗಳು ಹುಳ ಹೆಕ್ಕುತ್ತಿದ್ದವು. ಹೆಂಗಸರ ಮೈಯ ಬಾಗನ್ನು ಇಷ್ಟು ಬಲ್ಲ ಶಿರಸ್ತ್ರಾಣವನ್ನು ಲೂಟನ್ನಿನ ಯಾವ ಗಾಜಿನ ಪೆಟ್ಟಿಗೆಯಲ್ಲೂ ನಾನು ಕಾಣಲಿಲ್ಲ. ಪ್ಲಾಸ್ಟಿಕ್ ಹಾಳೆ ಬಂದ ಕೆಲವೇ ವರ್ಷಗಳಲ್ಲಿ ಅದನ್ನು ನಾವು ಒಲೆಗೆ ಹಾಕಿದೆವು. ಒಡವೆ, ರೇಷ್ಮೆ ಸೀರೆಗಳ ವಂಶಾವಳಿಯನ್ನು ಬಾಯಿಪಾಠವಾಗಿ ಹೇಳುವ ನಮ್ಮ ಮನೆಗಳಲ್ಲಿ ದುಡಿಯುವಾಗ ತೊಟ್ಟದ್ದಕ್ಕೆ ಮರ್ಯಾದೆಯಿಲ್ಲ ಎಂಬ ಸಿಟ್ಟು ನನಗಿದೆ, ಮತ್ತು ಆ ಸಿಟ್ಟಿನಲ್ಲಿ ನನ್ನ ಪಾಲೂ ಇದೆ.

ಆದರೆ ಅಮ್ಮನಿಗೆ ಇದನ್ನು ಹೇಳಿದಾಗ, ನೆನೆದ ಗೊರಬನ್ನು ದಿನವಿಡೀ ಹೊತ್ತು ಅಜ್ಜಿಯ ಕುತ್ತಿಗೆ ಹೇಗೆ ನೋಯುತ್ತಿತ್ತೆಂದು ಅವರು ವಿವರಿಸಿದರು. ಹಗುರವಾದ ಪ್ಲಾಸ್ಟಿಕ್ಕನ್ನು ಆರಿಸಿಕೊಂಡ ಹೆಂಗಸರನ್ನು ದೂರದಲ್ಲಿ ಬೆಚ್ಚಗೆ ಕೂತ ನಾನು ದೂರುವಂತಿಲ್ಲ. ಲೂಟನ್ನಿನ ಆ ಚಂದದ ಹೆಣಿಗೆಯ ಹಿಂದೆಯೂ, ಹೆಣಿಗೆಶಾಲೆಗಳೆಂಬ ಇಕ್ಕಟ್ಟಿನ ಕೋಣೆಗಳಲ್ಲಿ ಅಕ್ಷರಕ್ಕಿಂತ ಹೆಚ್ಚಾಗಿ ಹುಲ್ಲನ್ನೇ ಹಿಡಿದು ಕೂತ ಪುಟ್ಟ ಮಕ್ಕಳಿದ್ದರು. ನಮ್ಮಲ್ಲಿ ಯಾರೂ ಕೂಡಿಡಲಿಲ್ಲ ಎನ್ನುವುದೂ ತಪ್ಪು. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಜಾನಪದ ಲೋಕವನ್ನು ಕಟ್ಟಿ ಹಳ್ಳಿಯ ಬದುಕಿನ ವಸ್ತುಗಳನ್ನು ಕಾಪಾಡಿದ್ದಾರೆ. ಇಷ್ಟು ಸಲ ಊರಿಗೆ ಹೋಗಿಬಂದೂ ಅದರೊಳಗೆ ಕಾಲಿಡದವನು ನಾನು.

ನಮ್ಮೂರಿನಲ್ಲಿ ಗೊರಬು ಕಟ್ಟಬಲ್ಲ ಅಜ್ಜನೊಬ್ಬರು ಇನ್ನೂ ಇದ್ದಾರಂತೆ. ಒಂದು ಮಾಡಿಕೊಡಬೇಕೆಂದು ಅಮ್ಮ ಕೇಳಿದ್ದಕ್ಕೆ, “ಹಾಕ್ಕೊಳ್ಳೋರು ಎಷ್ಟು ಎತ್ತರ ಇದಾರೆ ಅಂತ ಮೊದಲು ಹೇಳಿ” ಎಂದರಂತೆ. ಮಗಳನ್ನು ಗೋಡೆಗೆ ನಿಲ್ಲಿಸಿ ಅಳೆದು, ಮಳೆಗಾಲದ ಹೊತ್ತಿಗೆ ಇನ್ನೆರಡು ಅಂಗುಲ ಬೆಳೆದಿರುತ್ತಾಳೆಂದು ಸೇರಿಸಿ, ಅಳತೆ ಕಳುಹಿಸಿದ್ದೇನೆ.