ಮೊದಲೇ ಹೇಳಿ ಒದ್ದರೆ ಅದೆಂಥ ಆನ್‌ಸೈಡ್ ಕಿಕ್?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಎದುರಾಳಿಯನ್ನು ಯಾಮಾರಿಸಲು ಒದೆಯುವ ಆನ್‌ಸೈಡ್ ಕಿಕ್ ಬಗ್ಗೆ ಹೇಳಬೇಕು, ಅದಕ್ಕೂ ಮುಂಚೆ ಯಾಮಾರಿಸುವ ಆಟದ ಒಂದು ನೆನಪು. 2014ರ ಅಕ್ಟೋಬರ್ 19ರ ಪಂದ್ಯ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾವು ಸಿಯಾಟಲ್ ಕಡೆ ಬಂದು ಎರಡು ವರ್ಷ ಆಗಿತ್ತು. ನಮ್ಮೂರ ತಂಡ ಸೀಹಾಕ್ಸ್ ಆಗ ಸೂಪರ್ ಬೌಲ್, ಅಂದರೆ ವರ್ಷದ ಫೈನಲ್ ಗೆದ್ದ ಚಾಂಪಿಯನ್. ಸೇಂಟ್ ಲೂಯಿಸ್‌ನಲ್ಲಿ ರ್‍ಯಾಮ್ಸ್ ಜೊತೆ ಆಟ. ನಮ್ಮವರು ಪಂಟ್ ಮಾಡಿದರು.

ಅಮೆರಿಕನ್ ಫುಟ್‌ಬಾಲ್ ನೋಡದ ಗೆಳೆಯರಿಗಾಗಿ ಹೇಳ್ತೀನಿ. ನಾಲ್ಕು ಸರದಿಯಲ್ಲಿ 10 ಯಾರ್ಡ್ ಮುಂದೆ ಹೋಗಬೇಕು. ಮೂರರಲ್ಲಿ ಆಗದಿದ್ದರೆ ಸಾಮಾನ್ಯವಾಗಿ ನಾಲ್ಕನೆಯದರಲ್ಲಿ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತಾರೆ. ಅದೇ ಪಂಟ್. ಎಷ್ಟೋ ಜನ ಕಾಫಿ ತರಲು ಎದ್ದು ಹೋಗುವುದು ಆಗಲೇ.

ಅವತ್ತು ರ್‍ಯಾಮ್ಸ್‌ನ ಟಾವನ್ ಆಸ್ಟಿನ್ ಮೈದಾನದ ಒಂದು ಬದಿಯಲ್ಲಿ, ಚೆಂಡು ತನ್ನ ಕೈಗೇ ಬರುತ್ತಿದೆ ಅನ್ನುವ ಹಾಗೆ ಆಕಾಶ ನೋಡುತ್ತಾ ನಿಂತ. ಅವನ ಜೊತೆಗಾರರೂ ಆ ಕಡೆಗೇ ಬಂದರು. ನಮ್ಮವರೆಲ್ಲ ಅತ್ತ ನುಗ್ಗಿದರು. ಚೆಂಡು ಬಿದ್ದಿದ್ದು ಮಾತ್ರ ಇನ್ನೊಂದು ಬದಿಗೆ. ಅಲ್ಲಿ ಸ್ಟೆಡ್‌ಮನ್ ಬೇಲಿ ಅದನ್ನು ಹಿಡಿದು 90 ಯಾರ್ಡ್ ಓಡಿಬಿಟ್ಟ. ಎದುರಾಳಿಯ ಗೋಲ್ ಗೆರೆ ದಾಟಿ ಆರು ಪಾಯಿಂಟ್, ಅದೇ ಟಚ್‌ಡೌನ್!

ಅಷ್ಟಕ್ಕೇ ಮುಗಿಯಲಿಲ್ಲ. ಪಂದ್ಯದ ಕೊನೆಯ ಕೆಲವೇ ನಿಮಿಷ ಉಳಿದಿತ್ತು. ರ್‍ಯಾಮ್ಸ್‌ಗೆ ಬರೀ ಎರಡು ಪಾಯಿಂಟ್ ಮುನ್ನಡೆ. ತಮ್ಮದೇ ಗೋಲ್ ಗೆರೆಯಿಂದ ಬರೀ 18 ಯಾರ್ಡ್ ದೂರದಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಅಂಥ ಜಾಗದಲ್ಲಿ ಯಾರೇ ಆದರೂ ಪಂಟ್ ಮಾಡುತ್ತಾರೆ, ಅಲ್ವಾ? ಪಂಟರ್ ಜಾನಿ ಹೆಕ್ಕರ್ ಒದೆಯಲೇ ಇಲ್ಲ. ಜೊತೆಗಾರ ಬೆನ್ನಿ ಕನಿಂಗ್‌ಹ್ಯಾಮ್‌ಗೆ ಚೆಂಡು ಎಸೆದ, ಅದು ರ್‍ಯಾಮ್ಸ್ ಕೈಯಲ್ಲೇ ಉಳಿಯಿತು. ಹೆಕ್ಕರ್ ಹೈಸ್ಕೂಲಿನಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಆಗಿದ್ದವನು, ಎಸೆಯುವುದು ಅವನಿಗೆ ಹೊಸದಲ್ಲ. ನಾವು 28-26ರಲ್ಲಿ ಸೋತೆವು. ರಾತ್ರಿ ತುಂಬಾ ಬೇಜಾರಾಯಿತು. ಆದರೆ ಮರುದಿನ ಆ ಎರಡು ಆಟಗಳನ್ನೂ ಹುಡುಕಿ ಮತ್ತೆ ಮತ್ತೆ ನೋಡಿದೆ. ನನಗೆ ಈ ಆಟದ ಹುಚ್ಚು ಹಿಡಿದಿದ್ದೇ ಆ ಸೋಲಿನಿಂದ.

ಈಗ ಹೇಳಬೇಕಾದ ವಿಷಯಕ್ಕೆ ಬರ್ತೀನಿ. ಆಟ ಶುರು ಮಾಡಲು, ಪಾಯಿಂಟ್ ಬಂದ ಮೇಲೆ ಚೆಂಡನ್ನು ಎದುರಾಳಿ ಕಡೆಗೆ ಒದೆಯುವುದೇ ಕಿಕ್‌ಆಫ್. ಈ ಆಟದ ದೊಡ್ಡ ಲೀಗ್ ಎನ್‌ಎಫ್‌ಎಲ್ 2024ರಲ್ಲಿ ಕಿಕ್‌ಆಫ್ ನಿಯಮವನ್ನು ಪೂರ್ತಿ ಬದಲಾಯಿಸಿತು. ಅದರಲ್ಲಿ ಆನ್‌ಸೈಡ್ ಕಿಕ್‌ನ ಜೀವವೇ ಹೋಯಿತು.

ಆನ್‌ಸೈಡ್ ಕಿಕ್ ಅಂದರೆ, ಕಿಕ್‌ಆಫ್‌ನಲ್ಲಿ ಚೆಂಡನ್ನು ದೂರ ಒದೆಯದೆ ಹತ್ತಿರಕ್ಕೇ ಒದ್ದು, ಅದು 10 ಯಾರ್ಡ್ ದಾಟಿದ ಮೇಲೆ ನಾವೇ ಹಿಡಿದುಕೊಳ್ಳುವುದು. 2010ರ ಫೆಬ್ರವರಿಯಲ್ಲಿ ಮಯಾಮಿಯಲ್ಲಿ ನಡೆದ ಸೂಪರ್ ಬೌಲ್ ನೆನಪಿಸಿಕೊಳ್ಳಿ. ಅರ್ಧ ಆಟ ಮುಗಿದಾಗ ನ್ಯೂ ಆರ್ಲಿಯನ್ಸ್ ಸೇಂಟ್ಸ್ 6-10ರಲ್ಲಿ ಹಿಂದಿತ್ತು. ಎರಡನೇ ಅರ್ಧದ ಮೊದಲ ಒದೆತವನ್ನೇ ಕೋಚ್ ಶಾನ್ ಪೇಟನ್ ಆನ್‌ಸೈಡ್ ಮಾಡಿಸಿದರು. ಒದ್ದವನು ಥಾಮಸ್ ಮಾರ್‌ಸ್ಟೆಡ್, ಅದು ಅವನ ಮೊದಲ ವರ್ಷ. ಚೆಂಡು ಎದುರಾಳಿ ಕೋಲ್ಟ್ಸ್ ಆಟಗಾರನಿಗೆ ತಗುಲಿ ಪುಟಿಯಿತು. ಅದರ ಮೇಲೆ ಎಲ್ಲರೂ ರಾಶಿ ಬಿದ್ದರು. ಕೊನೆಗೆ ಅದು ಸೇಂಟ್ಸ್‌ನ ಕ್ರಿಸ್ ರೀಸ್ ಕೈಯಲ್ಲಿತ್ತು. ಅಲ್ಲಿಂದಲೇ ಟಚ್‌ಡೌನ್ ಹೊಡೆದು, 31-17ರಲ್ಲಿ ಕಪ್ ಗೆದ್ದರು. ಸೂಪರ್ ಬೌಲ್‌ನಲ್ಲಿ, ಅದೂ ಆ ಹೊತ್ತಿನಲ್ಲಿ, ಹಾಗೆ ಒದೆಯಿಸಲು ಎಷ್ಟು ಗುಂಡಿಗೆ ಬೇಕು!

ಈಗ ಅದೇ ಆಟ ಆಡಬೇಕಾದರೆ ಪೇಟನ್ ಮೊದಲು ರೆಫರಿಗೆ ತಿಳಿಸಬೇಕು. ಎದುರಾಳಿಗಳಿಗೆ ಗೊತ್ತಾಗುತ್ತದೆ. ಚೆಂಡು ಹಿಡಿಯುವವರನ್ನು ಮುಂದೆ ನಿಲ್ಲಿಸಿಕೊಳ್ಳುತ್ತಾರೆ. 2024ರಲ್ಲಂತೂ ಹಿಂದೆ ಬಿದ್ದ ತಂಡಕ್ಕೆ, ಅದೂ ಕೊನೆಯ ಕ್ವಾರ್ಟರ್‌ನಲ್ಲಿ ಮಾತ್ರ ಈ ಅವಕಾಶ ಇತ್ತು. 2025ರಲ್ಲಿ ಕ್ವಾರ್ಟರ್‌ನ ಕಟ್ಟು ತೆಗೆದರು. ಹಿಂದೆ ಬಿದ್ದಿರಬೇಕು, ಮೊದಲೇ ತಿಳಿಸಬೇಕು ಅನ್ನುವುದು ಆ ವರ್ಷವೂ ಹಾಗೇ ಉಳಿಯಿತು.

ನಿಯಮ ಬದಲಾಯಿಸಿದ್ದಕ್ಕೆ ಕಾರಣ ಇದೆ, ನಾನು ಒಪ್ತೀನಿ. ಹಳೆಯ ಕಿಕ್‌ಆಫ್‌ನಲ್ಲಿ ದೂರದಿಂದ ಪೂರ್ತಿ ವೇಗದಲ್ಲಿ ಓಡಿ ಬಂದು ಡಿಕ್ಕಿ ಹೊಡೆಯುತ್ತಿದ್ದರು. ತಲೆಗೆ ಪೆಟ್ಟು ಬೀಳುತ್ತಿತ್ತು. ಅದನ್ನು ತಪ್ಪಿಸಲು ಹೋಗಿ ಕಿಕ್‌ಆಫ್ ಸುಮ್ನೆ ಶಾಸ್ತ್ರಕ್ಕೆ ಅನ್ನುವ ಹಾಗಾಗಿತ್ತು. ನಿಯಮ ಬದಲಾಗುವ ಮುಂಚೆ, 2024ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ 13 ಕಿಕ್‌ಆಫ್ ಆದವು, ಒಂದನ್ನೂ ಯಾರೂ ಹಿಡಿದು ಓಡಲಿಲ್ಲ. ಹೊಸ ನಿಯಮ ಆ ಓಟವನ್ನು ವಾಪಸ್ ತಂದಿದೆ. ಅದು ಒಳ್ಳೆಯದೇ. ಆದರೆ ಅದರ ಜೊತೆ ಎದುರಾಳಿಯನ್ನು ಯಾಮಾರಿಸುವ ಜಾಣತನವನ್ನೂ ಕಳೆದುಕೊಂಡೆವಲ್ಲ, ಅದೇ ನನ್ನ ಸಂಕಟ.

ಅಪರೂಪಕ್ಕೆ ಬಳಸುವ ನಿಯಮ ತಾನೇ, ಹೋದರೆ ಹೋಗಲಿ ಅಂತ ಕೆಲವರು ಅಂತಾರೆ. ಅವರಿಗೆ ನಾನು ಚಾರ್ಜರ್ಸ್ ತಂಡದ ಕ್ಯಾಮೆರಾನ್ ಡಿಕರ್‌ನ ಕಿಕ್ ತೋರಿಸ್ತೀನಿ. 2024ರ ಡಿಸೆಂಬರ್ 19, ಚಾರ್ಜರ್ಸ್ ಮತ್ತು ಡೆನ್ವರ್ ಬ್ರಾಂಕೋಸ್ ಪಂದ್ಯ. ಮೊದಲರ್ಧದ ಗಡಿಯಾರ ಸೊನ್ನೆಗೆ ಬಂದಿತ್ತು. ಪಂಟ್ ಆದ ಚೆಂಡನ್ನು ಓಡದೆ ಸುಮ್ನೆ ಹಿಡಿದುಕೊಳ್ತೀನಿ ಅಂತ ಚಾರ್ಜರ್ಸ್ ಆಟಗಾರ ಕೈ ಎತ್ತಿ ಸನ್ನೆ ಮಾಡಿದ್ದ. ಡೆನ್ವರ್‌ನವನೊಬ್ಬ ಅವನಿಗೆ ಅಡ್ಡ ಬಂದ. ಅದಕ್ಕೆ 15 ಯಾರ್ಡ್ ದಂಡ ಬಿತ್ತು. ಹಾಗೆ ಹಿಡಿದವರಿಗೆ, ಯಾರೂ ಮೈಮೇಲೆ ನುಗ್ಗದ ಹಾಗೆ ನೇರ ಗೋಲಿಗೆ ಒದೆಯುವ ಹಕ್ಕು ಹಳೆಯ ನಿಯಮದಲ್ಲಿದೆ. ಎದುರಾಳಿಗಳು 10 ಯಾರ್ಡ್ ದೂರ ನಿಲ್ಲಬೇಕು. ಡಿಕರ್ 57 ಯಾರ್ಡ್‌ನಿಂದ ಒದ್ದ, ಮೂರು ಪಾಯಿಂಟ್ ಬಂತು. ಅದಕ್ಕೂ ಮುಂಚೆ ಆ ಕಿಕ್ ಕೊನೆಯ ಸಲ ಗೋಲಾಗಿದ್ದು 1976ರಲ್ಲಿ. ಆಗ ಒದ್ದ ರೇ ವರ್ಷಿಂಗ್ ಕೂಡ ಚಾರ್ಜರ್ಸ್‌ನವನೇ! 48 ವರ್ಷ ಆ ನಿಯಮ ಪುಸ್ತಕದಲ್ಲಿ ಮೂಲೆಗೆ ಬಿದ್ದಿತ್ತು. ಕೋಚ್ ಜಿಮ್ ಹಾರ್ಬಾ ಅದನ್ನು ಮರೆತಿರಲಿಲ್ಲ. 2013ರಲ್ಲೂ ಒಮ್ಮೆ 71 ಯಾರ್ಡ್‌ನಿಂದ ಒದೆಯಿಸಿ ನೋಡಿದ್ದರು, ಆಗ ಗುರಿ ಮುಟ್ಟಿರಲಿಲ್ಲ.

ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಡಗ್ ಫ್ಲೂಟಿಯದೂ ಹಾಗೇ. 2006ರ ಜನವರಿ 1ರಂದು, 43ನೇ ವಯಸ್ಸಿನಲ್ಲಿ, ಚೆಂಡನ್ನು ನೆಲಕ್ಕೆ ಬಿಟ್ಟು, ಅದು ಪುಟಿದೇಳುವ ಹೊತ್ತಿಗೇ ಒದ್ದ. ಡ್ರಾಪ್ ಕಿಕ್. ಎನ್‌ಎಫ್‌ಎಲ್‌ನಲ್ಲಿ 1941ರ ನಂತರ ಯಾರಿಗೂ ಅದರಲ್ಲಿ ಪಾಯಿಂಟ್ ಬಂದಿರಲಿಲ್ಲ. ಚೆಂಡಿನ ತುದಿ ಚೂಪಾದ ಮೇಲೆ ಅದು ಎತ್ತ ಪುಟಿಯುತ್ತದೋ ಹೇಳುವುದು ಕಷ್ಟ, ಹಾಗಾಗಿ ಎಲ್ಲರೂ ಕೈಬಿಟ್ಟಿದ್ದರು. ಬಂದಿದ್ದು ಒಂದೇ ಪಾಯಿಂಟ್, ತಂಡ ಆ ಪಂದ್ಯ ಸೋತಿತು. ಆದರೂ ಎನ್‌ಎಫ್‌ಎಲ್‌ನಲ್ಲಿ ಅದೇ ಫ್ಲೂಟಿಯ ಕೊನೆಯ ಆಟ ಅಂತ ಗೊತ್ತಿದ್ದು ನೋಡಿದಾಗೆಲ್ಲ ನನ್ನ ಕಣ್ಣು ತುಂಬುತ್ತದೆ.

ನನ್ನ ಬೇಡಿಕೆ ಚಿಕ್ಕದು. ಪ್ರತಿ ತಂಡಕ್ಕೂ ಪಂದ್ಯಕ್ಕೆ ಒಂದು ಸಲ ಹಳೆಯ ಕಿಕ್‌ಆಫ್ ಜೋಡಣೆಯಲ್ಲಿ, ಅಂದರೆ ದೂರದಿಂದ ಓಡಿಬರುವ ಹಾಗೆ, ನಿಲ್ಲಲು ಬಿಡಿ. ಮುಂದೆ ಇರಲಿ, ಹಿಂದೆ ಇರಲಿ. ದೂರ ಒದೆಯುತ್ತಾರೋ ಹತ್ತಿರ ಒದೆಯುತ್ತಾರೋ ಹೇಳುವುದು ಬೇಡ. ಪಂದ್ಯಕ್ಕೆ ಹೆಚ್ಚೆಂದರೆ ಎರಡು ಕಿಕ್ ಅಷ್ಟೇ, ಅಪಾಯ ಜಾಸ್ತಿ ಆಗುವುದಿಲ್ಲ. ಓಡಿಬಂದು ಒದೆಯುವವನ ಕಾಲಿನ ಕಡೆಗೇ ಎದುರಾಳಿಯ 11 ಜನವೂ ಉಸಿರು ಬಿಗಿಹಿಡಿದು ನೋಡುವ ಆ ಒಂದು ಕ್ಷಣವನ್ನು ನಮಗೆ ವಾಪಸ್ ಕೊಡಿ.