ಇದು ದುಡ್ಡಿಲ್ಲದ ಕಥೆ ಮಾತ್ರ ಅಲ್ಲ

2023ರ ಮಹಿಳಾ ಫುಟ್‌ಬಾಲ್ ವಿಶ್ವಕಪ್‌ಗೆ ಮುಂಚೆ ಜಮೈಕಾದ ಆಟಗಾರ್ತಿ ಹವಾನಾ ಸೊಲಾನ್ ಅವರ ತಾಯಿ ಆನ್‌ಲೈನ್‌ನಲ್ಲಿ ಚಂದಾ ಎತ್ತಿದರು. ದೇಶದ ತಂಡದ ತಯಾರಿಯ ಖರ್ಚಿಗೆ! ಅದೇ ಜೂನ್‌ನಲ್ಲಿ ಆಟಗಾರ್ತಿಯರೆಲ್ಲ ಸೇರಿ ಜಮೈಕಾ ಫುಟ್‌ಬಾಲ್ ಫೆಡರೇಶನ್‌ಗೆ ಬಹಿರಂಗ ಪತ್ರ ಬರೆದರು. ಓಡಾಟ, ವಸತಿ, ಊಟ, ತರಬೇತಿ, ಸಂಭಾವನೆ ಒಂದೂ ಸರಿಯಿಲ್ಲ ಅಂದರು. ಕ್ಯಾಂಪ್‌ಗಳ ಅವ್ಯವಸ್ಥೆಯಿಂದ ಸೌಹಾರ್ದ ಪಂದ್ಯಗಳೇ ಕೈತಪ್ಪಿವೆ ಅಂತಲೂ ಹೇಳಿದರು.

ಇಷ್ಟಾದ ಮೇಲೂ ಆ ಹುಡುಗಿಯರು ಆಡಿದ ಆಟ ನೋಡಿ. ಸಿಡ್ನಿಯಲ್ಲಿ ಫ್ರಾನ್ಸ್ ವಿರುದ್ಧ 0-0. ಆ ಪಂದ್ಯದಲ್ಲೇ ಅವರ ದೊಡ್ಡ ಸ್ಟ್ರೈಕರ್ ಖದೀಜಾ ಶಾಗೆ ರೆಡ್ ಕಾರ್ಡ್. ಅವಳಿಲ್ಲದೆಯೇ ಪನಾಮಾ ಮೇಲೆ ಗೆದ್ದರು. ಕಾರ್ನರ್‌ನಿಂದ ಬಂದ ಚೆಂಡಿಗೆ ಆಲಿಸನ್ ಸ್ವಾಬಿ ತಲೆ ಕೊಟ್ಟಳು, ಅದೊಂದೇ ಗೋಲು. ಮೆಲ್ಬರ್ನ್‌ನಲ್ಲಿ ಬ್ರೆಜಿಲ್‌ಗೆ ಗೆಲ್ಲಲೇಬೇಕಿತ್ತು. ಬ್ರೆಜಿಲ್‌ನ ತಾರೆ ಮಾರ್ತಾಗೆ ಅದು ಆರನೇ ವಿಶ್ವಕಪ್. ಜಮೈಕಾ ಗೋಡೆಯ ಹಾಗೆ ನಿಂತಿತು, 0-0. ಬ್ರೆಜಿಲ್ ಮನೆಗೆ ಹೋಯಿತು. ಗುಂಪು ಹಂತದ ಮೂರು ಪಂದ್ಯಗಳಲ್ಲಿ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಕೊನೆಗೆ 16ರ ಘಟ್ಟದಲ್ಲಿ ಕೊಲಂಬಿಯಾ ಎದುರು 1-0ರಿಂದ ಸೋತರು.

ಸಣ್ಣ ದ್ವೀಪ, ಫೆಡರೇಶನ್ ಬಳಿ ಹಣ ಕಡಿಮೆ ಅಂತೀರಾ? ಒಪ್ಪುತ್ತೇನೆ. ಆದರೆ ಮನಸ್ಸಿದ್ದರೆ ಮಾರ್ಗ ಅನ್ನೋದನ್ನು ಇದೇ ಫೆಡರೇಶನ್ ಒಮ್ಮೆ ತೋರಿಸಿದೆ. 1990ರ ದಶಕದಲ್ಲಿ ಹೊರೇಸ್ ಬರೆಲ್ ಫೆಡರೇಶನ್ ಅಧ್ಯಕ್ಷರಾಗಿದ್ದಾಗ ಬ್ರೆಜಿಲ್‌ನಿಂದ ರೆನೆ ಸಿಮೋಯಿಸ್ ಅವರನ್ನು ಕೋಚ್ ಆಗಿ ಕರೆಸಿದರು. 1997ರ ನವೆಂಬರ್‌ನಲ್ಲಿ ಕಿಂಗ್‌ಸ್ಟನ್‌ನಲ್ಲಿ ಮೆಕ್ಸಿಕೊ ಜೊತೆ ಡ್ರಾ ಮಾಡಿಕೊಂಡು ಪುರುಷರ ತಂಡ ವಿಶ್ವಕಪ್‌ಗೆ ಹೊರಟಿತು. ಮಾರನೇ ದಿನ ದೇಶಕ್ಕೆಲ್ಲ ರಜೆ!

ಹೆಣ್ಣುಮಕ್ಕಳ ತಂಡ? 2014ರ ಹೊತ್ತಿಗೆ ದುಡ್ಡಿಲ್ಲ ಅಂತ ನಿಂತೇ ಹೋಗಿತ್ತು. ಜಮೈಕಾದ ಹೆಸರಾಂತ ಗಾಯಕ ಬಾಬ್ ಮಾರ್ಲಿ ಅವರ ಮಗಳು ಸೆಡೆಲ್ಲಾಗೆ ವಿಷಯ ಗೊತ್ತಾಗಿದ್ದು ತನ್ನ ಮಗ ಶಾಲೆಯಿಂದ ತಂದ ಒಂದು ಚೀಟಿಯಿಂದ. ಅವರು ಹಣ ಹೊಂದಿಸಿ ಬೆನ್ನಿಗೆ ನಿಂತರು. 2019ರಲ್ಲಿ ಇದೇ ತಂಡ ಮಹಿಳಾ ವಿಶ್ವಕಪ್ ಆಡಿದ ಮೊದಲ ಕೆರಿಬಿಯನ್ ತಂಡವಾಯಿತು. ಅದಾದ ಕೆಲವೇ ತಿಂಗಳಲ್ಲಿ ಸಂಬಳ ಬಾಕಿ ಅಂತ ಆಟಗಾರ್ತಿಯರು ಪ್ರತಿಭಟನೆಗೆ ಇಳಿಯಬೇಕಾಯಿತು.

ನನಗೆ ಸಿಟ್ಟು ಬರುವುದು ಇಲ್ಲೇ. ಒಂದು ಸಲ ಆದರೆ ಕಷ್ಟಕಾಲ ಅನ್ನಬಹುದು. ಮತ್ತೆ ಮತ್ತೆ ಆದರೆ? ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಹುಡುಗಿಯರ ತಂಡಕ್ಕೇ, ಅಲ್ವಾ?

2023ರ ಅಕ್ಟೋಬರ್‌ನಲ್ಲಿ ಮತ್ತೆ ಅದೇ ಗೋಳು. ಬರಬೇಕಾದ ಹಣ ಪೂರ್ತಿ ಬಂದಿಲ್ಲ ಅಂತ ವಿಶ್ವಕಪ್ ಆಟಗಾರ್ತಿಯರು ತಮ್ಮ ಪ್ರಾದೇಶಿಕ ಟೂರ್ನಿಯಾದ ಗೋಲ್ಡ್ ಕಪ್‌ನ ಅರ್ಹತಾ ಪಂದ್ಯಗಳಿಗೆ ಹೋಗಲಿಲ್ಲ. ಅವರು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಯಾರಿಗೆ ಎಷ್ಟು, ಯಾವ ತಾರೀಖಿಗೆ ಅನ್ನೋದನ್ನು ಫೆಡರೇಶನ್ ಟೂರ್ನಿಗೆ ಮುಂಚೆಯೇ ಬರೆದು ಕೊಡಲಿ. ಅದನ್ನು ತೀರ್ಮಾನಿಸುವ ಮೇಜಿನಲ್ಲಿ ಆಟಗಾರ್ತಿಯರ ಪರವಾಗಿಯೂ ಒಬ್ಬರು ಕೂತಿರಲಿ.